ಸಾಕ್ಷ್ಯಚಿತ್ರ, ಕುಟುಂಬದ ನೆನಪು ಮತ್ತು ಸಾಮಾಜಿಕ ನ್ಯಾಯ: ಶಿಕಾರಿಪುರ ಹಾಗೂ ಸೊರಬದ ಎರಡು ನಿದರ್ಶನಗಳು

ನೊಂದವರ ಬದುಕನ್ನು ಚಿತ್ರಿಸುವ ಸಾಕ್ಷ್ಯಚಿತ್ರದಲ್ಲಿ ಮಾತನಾಡುವ ಅಧಿಕಾರ ಯಾರದು ಎಂಬುದು ಮೂಲಭೂತ ಪ್ರಶ್ನೆ. ಕರ್ನಾಟಕದಲ್ಲಿ ಇದಕ್ಕೆ ಒಂದು ಉತ್ತರ ದೊರೆತದ್ದು ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ. ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ‘ಯುಗಾಂತರ್’ ಮಹಿಳಾ ಚಿತ್ರತಂಡದ ಪರವಾಗಿ ದೀಪಾ ಧನರಾಜ್ ಅವರು ನಿರ್ದೇಶಿಸಿದ ‘ತಂಬಾಕು ಚಾಕಿಲಾ ಊಬ್ ಆಲಿ’ (1982) ಎಂಬ ಮರಾಠಿ ಚಿತ್ರದಲ್ಲಿ ಕಾರ್ಮಿಕ ಮಹಿಳೆಯರೇ ತಮ್ಮ ದುಡಿಮೆ ಮತ್ತು ಸಂಘಟನೆಯನ್ನು ನಿರೂಪಿಸುತ್ತಾರೆ. ಈ ಕ್ರಮವನ್ನು ಶಿವಮೊಗ್ಗ ಜಿಲ್ಲೆಯ ಎರಡು ಸಂದರ್ಭಗಳಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ 1942ರ ಸೆಪ್ಟೆಂಬರಿನಲ್ಲಿ ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿದರು. ಬಾಲಕರನ್ನೇ ಅಮಲ್ದಾರ ಹಾಗೂ ಪೊಲೀಸ್ ಅಧಿಕಾರಿಯನ್ನಾಗಿ ನೇಮಿಸಿದರು. ಅನಂತರದ ಘರ್ಷಣೆಯಲ್ಲಿ ಮೈಸೂರು ಸರ್ಕಾರದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹತರಾದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಸ್ಮಾರಕವು ಹುತಾತ್ಮರ ಹೆಸರನ್ನು ಉಳಿಸಬಲ್ಲುದು. ಆದರೆ ಗಂಡಸರು ಸೆರೆಮನೆ ಸೇರಿದ ಮೇಲೆ ಹೊಲ ಉತ್ತವರು ಯಾರು, ಮಕ್ಕಳನ್ನು ಸಾಕಿದವರು ಯಾರು ಎಂಬುದಕ್ಕೆ ಮನೆಮಂದಿಯ ಮಾತೇ ಆಧಾರ. ಹತರಾದ ಅಧಿಕಾರಿಗಳೂ ಇದೇ ನಾಡಿನವರು, ಅವರಿಗೂ ಕುಟುಂಬಗಳಿದ್ದವು. ಈ ಎರಡೂ ಬಗೆಯ ಮನೆಗಳ ನೆನಪಿಗೆ ಎಡೆ ದೊರೆತಾಗಲೇ ಚಿತ್ರವು ವೀರಗಾಥೆಯನ್ನು ದಾಟಿ ಚರಿತ್ರೆಯಾಗುತ್ತದೆ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡಿಗೆ ವಿವಸ್ತ್ರರಾಗಿ ಸಾಗುವ ಬೆತ್ತಲೆ ಸೇವೆಯಲ್ಲಿ ಹರಕೆ ಹೊತ್ತ ದಲಿತ ಕುಟುಂಬಗಳು ಹೆಚ್ಚಾಗಿ ಪಾಲ್ಗೊಳ್ಳುತ್ತಿದ್ದವು. ಇದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಮತ್ತಿತರರು ಮುಂದಾದಾಗ 1986ರ ಮಾರ್ಚ್‌ನಲ್ಲಿ ಹಿಂಸಾತ್ಮಕ ಘರ್ಷಣೆ ನಡೆಯಿತು. ತರುವಾಯ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ಇಲ್ಲಿ ಕ್ಯಾಮೆರಾ ತಟಸ್ಥವಾಗಿರಲಾರದು. ಬತ್ತಲೆ ದೇಹವನ್ನು ತೋರಿಸಿದರೆ ಖಂಡಿಸಹೊರಟ ಅವಮಾನವನ್ನೇ ಪುನರಾವರ್ತಿಸಿದಂತಾಗುತ್ತದೆ. ಹರಕೆ ಹೊತ್ತವಳ ನಂಬಿಕೆಯನ್ನು ಕೇಳದೆ ಸುಧಾರಕರ ಮಾತನ್ನಷ್ಟೇ ದಾಖಲಿಸಿದರೆ ಅವಳು ಮತ್ತೊಮ್ಮೆ ಮೂಕಳಾಗುತ್ತಾಳೆ. ಸುಧಾರಣೆಗೆ ಹೊರಟವರಲ್ಲಿಯೂ ದಲಿತರಿದ್ದರೆಂಬುದನ್ನು ಮರೆತರೆ ಆ ಸಮುದಾಯದೊಳಗಿನ ಆತ್ಮವಿಮರ್ಶೆಯೇ ಮರೆಯಾಗುತ್ತದೆ.

ಆದ್ದರಿಂದ ಇಂತಹ ವಸ್ತುಗಳಲ್ಲಿ ಸಾಮಾಜಿಕ ನ್ಯಾಯವು ಚಿತ್ರದ ಆಶಯದಲ್ಲಿದ್ದರೆ ಸಾಲದು, ಅದರ ವಿಧಾನದಲ್ಲಿಯೂ ಇರಬೇಕು. ಚಿತ್ರಿತರಾದವರ ಸಮ್ಮತಿಯನ್ನು ಪಡೆಯುವುದು, ಸಿದ್ಧವಾದ ಚಿತ್ರವನ್ನು ಮೊದಲು ಅವರಿಗೇ ತೋರಿಸುವುದು, ಸಂಕಲನದಲ್ಲಿ ಕೈಬಿಟ್ಟ ಸಂದರ್ಶನಗಳನ್ನೂ ಗ್ರಂಥಾಲಯಗಳಲ್ಲಿ ಸಂರಕ್ಷಿಸುವುದು ಅಗತ್ಯ. 1942ನ್ನು ಕಣ್ಣಾರೆ ಕಂಡ ತಲೆಮಾರು ಬಹುಮಟ್ಟಿಗೆ ಮರೆಯಾಗಿರುವ ಈ ಹೊತ್ತಿನಲ್ಲಿ, ಮನೆಗಳಲ್ಲಿ ಉಳಿದಿರುವ ಮಾತನ್ನು ದಾಖಲಿಸುವ ಕೆಲಸ ತಡವಾಗಬಾರದು.