ಊರಿನ ನಾಟಿ ಟೊಮೇಟೊ: ಯಾರಿಗೆ ಹಿತ, ಯಾರಿಗೆ ಎಚ್ಚರ?

‘ನಾಟಿ ಟೊಮೇಟೊ ಒಳ್ಳೆಯದೋ, ಹೈಬ್ರಿಡ್ ಒಳ್ಳೆಯದೋ ಡಾಕ್ಟ್ರೇ?’ ‘ಟೊಮೇಟೊ ಬೀಜ ಹೊಟ್ಟೆಗೆ ಹೋದರೆ ಕಿಡ್ನಿಯಲ್ಲಿ ಕಲ್ಲಾಗುತ್ತದಂತೆ, ಹೌದೇ?’ ರೋಗಿಗಳು ಪದೇ ಪದೇ ಕೇಳುವ ಪ್ರಶ್ನೆಗಳಿವು. ಊರಿನಿಂದ ಬರುವಾಗ ಒಂದು ಚೀಲ ನಾಟಿ ಹಣ್ಣು ಹೊತ್ತು ತರುವವರೂ ಇದ್ದಾರೆ, ಕಲ್ಲಿನ ಭಯದಿಂದ ವರ್ಷಗಟ್ಟಲೆ ಅದನ್ನು ಮುಟ್ಟದವರೂ ಇದ್ದಾರೆ. ಆದ್ದರಿಂದ ಈ ವಾರ ಇದನ್ನೇ ವಿಚಾರ ಮಾಡೋಣ.

ನಾಟಿ ಎಂದರೆ ಯಾವುದು?

ಟೊಮೇಟೊ ಹುಟ್ಟಿದ್ದು ನಮ್ಮಲ್ಲಲ್ಲ. ಅದರ ಕಾಡು ಜಾತಿಗಳು ದಕ್ಷಿಣ ಅಮೆರಿಕದ ಆ್ಯಂಡಿಸ್ ಪರ್ವತದ ಕಡೆಯವು. ಮೆಕ್ಸಿಕೊದ ಜನ ಅದನ್ನು ಬೆಳೆಸಿ ಉಣ್ಣುತ್ತಿದ್ದರು. ಅಲ್ಲಿಂದ ಸ್ಪೇನಿನವರ ಮೂಲಕ ಯೂರೋಪಿಗೆ, ಆಮೇಲೆ ನಮ್ಮ ದೇಶಕ್ಕೆ ಬಂತು. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೇಟೊ ಹಾಕದಿರುವುದಕ್ಕೆ ಅದು ಹೊರಗಿನಿಂದ ಬಂದದ್ದೆಂಬುದೇ ಕಾರಣ. ಆದರೂ ತಲೆಮಾರುಗಳಿಂದ ಹಿತ್ತಲಲ್ಲಿ ಬೆಳೆದು, ಮನೆಯವರೇ ಬೀಜ ತೆಗೆದಿಟ್ಟು, ಅದು ನಮ್ಮ ಮಣ್ಣಿಗೆ ಒಗ್ಗಿಕೊಂಡಿತು. ಇದನ್ನೇ ನಾವು ನಾಟಿ ಎನ್ನುತ್ತೇವೆ. ಉತ್ತರ ಕರ್ನಾಟಕದವರಿಗೆ ಇದು ಜವಾರಿ. ತುಸು ಚಪ್ಪಟೆ ಆಕಾರ, ಮೈಮೇಲೆ ಏಣು, ತೆಳು ಸಿಪ್ಪೆ, ತುಂಬ ರಸ, ಜೋರು ಹುಳಿ ಇದರ ಲಕ್ಷಣ. ಲಾರಿಯಲ್ಲಿ ದೂರ ಸಾಗಿಸಿದರೆ ಒಡೆದುಹೋಗುತ್ತದೆ. ಆದ್ದರಿಂದಲೇ ದಪ್ಪ ಸಿಪ್ಪೆಯ, ಗಟ್ಟಿ ಹೈಬ್ರಿಡ್ ತಳಿಗಳು ಮಾರುಕಟ್ಟೆಯನ್ನು ಆವರಿಸಿಕೊಂಡವು. ಒಂದು ಮಾತು ನೆನಪಿರಲಿ: ಅಂಗಡಿಯಲ್ಲಿ ‘ನಾಟಿ’ ಎಂದು ಮಾರುವುದೆಲ್ಲ ಹಳೆಯ ಬೀಜದ್ದೇ ಎಂದೇನಿಲ್ಲ. ಹುಳಿ ರುಚಿಯ ಹೈಬ್ರಿಡ್‌ಗಳೂ ಇವೆ.

ರುಚಿ ಕಡಿಮೆಯಾಗಿದೆಯೇ?

‘ಹಿಂದಿನ ರುಚಿ ಈಗಿಲ್ಲ’ ಎಂದು ಹಿರಿಯರು ಹೇಳುವುದು ಬರೀ ಭ್ರಮೆಯಲ್ಲ. ಹಳೆಯ ತಳಿಗಳ ಕಾಯಿಯಲ್ಲಿ ತೊಟ್ಟಿನ ಸುತ್ತ ಕಡು ಹಸಿರು ಇರುತ್ತದೆ. ಹಣ್ಣು ಒಂದೇ ಸಮನೆ ಕೆಂಪಗೆ ಕಾಣಲೆಂದು ತಳಿ ತಜ್ಞರು ಆ ಹಸಿರಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಇದರಿಂದ ಹಣ್ಣಿನಲ್ಲಿ ಸಕ್ಕರೆ ತಯಾರಿಸುವ ಶಕ್ತಿಯೂ ಕುಂದಿತೆಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. 2017ರಲ್ಲಿ ಸುಮಾರು 400 ತಳಿಗಳನ್ನು ಪರೀಕ್ಷಿಸಿದಾಗ, ಪರಿಮಳ ಕೊಡುವ ಹಲವು ಅಂಶಗಳು ಆಧುನಿಕ ತಳಿಗಳಲ್ಲಿ ಕಡಿಮೆಯಾಗಿರುವುದು ಕಂಡುಬಂತು.

ಆದರೆ ರುಚಿ ಬೇರೆ, ಪೌಷ್ಟಿಕತೆ ಬೇರೆ. 100 ಗ್ರಾಂ ಟೊಮೇಟೊದಲ್ಲಿ ಸುಮಾರು 94 ಗ್ರಾಂ ನೀರೇ. ಶಕ್ತಿ ಸುಮಾರು 20 ಕ್ಯಾಲೊರಿ. ಉಳಿದಂತೆ ಸಿ ಜೀವಸತ್ವ, ಪೊಟ್ಯಾಸಿಯಂ, ಸ್ವಲ್ಪ ನಾರು, ಕೆಂಪು ಬಣ್ಣ ಕೊಡುವ ಲೈಕೊಪೀನ್ ಇವೆ. ಈ ವಿಷಯದಲ್ಲಿ ನಾಟಿಗೂ ಹೈಬ್ರಿಡ್‌ಗೂ ಅಜಗಜಾಂತರವೇನೂ ಇಲ್ಲ. ಗಿಡದಲ್ಲೇ ಮಾಗಿದ ತಾಜಾ ಹಣ್ಣು ಯಾವುದಾದರೂ ಒಳ್ಳೆಯದೇ.

ರಕ್ತಹೀನತೆ ಇರುವವರಿಗೆ

ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಹೆಚ್ಚು ಹೀರಲ್ಪಡುತ್ತದೆ. ಸೊಪ್ಪಿನ ಸಾರಿಗೆ ಟೊಮೇಟೊ ಹಾಕುವ ನಮ್ಮ ಪದ್ಧತಿ ಇದಕ್ಕೆ ಅನುಕೂಲ. ಆದರೆ ಹೆಚ್ಚು ಹೊತ್ತು ಕುದಿಸಿದರೆ ಸಿ ಜೀವಸತ್ವ ನಷ್ಟವಾಗುತ್ತದೆ. ಕೋಸಂಬರಿಯಲ್ಲಿ ಹಸಿಯಾಗಿಯೂ ಸ್ವಲ್ಪ ತಿನ್ನಿ. ಊಟದ ಜೊತೆಗೇ ಕಾಫಿ, ಟೀ ಬೇಡ. ಲೈಕೊಪೀನ್ ಮಾತ್ರ ಇದಕ್ಕೆ ವಿರುದ್ಧ: ಬೇಯಿಸಿ, ಒಂದಿಷ್ಟು ಎಣ್ಣೆಯ ಒಗ್ಗರಣೆ ಕೊಟ್ಟರೆ ದೇಹಕ್ಕೆ ಚೆನ್ನಾಗಿ ದೊರೆಯುತ್ತದೆ. ಅಂದಮಾತ್ರಕ್ಕೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಟ್ಟು ಟೊಮೇಟೊ ಸಾರನ್ನೇ ನಂಬಿ ಕೂರಬೇಡಿ.

ಬೀಜದಿಂದ ಕಲ್ಲಾಗುವುದಿಲ್ಲ

ನಾವು ತಿಂದ ಬೀಜ ಮೂತ್ರಪಿಂಡಕ್ಕೆ ಹೋಗುವ ದಾರಿಯೇ ಇಲ್ಲ. ಅದು ಮಲದ ಮೂಲಕ ಹೊರಬೀಳುತ್ತದೆ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಆದಂಥವು. ಟೊಮೇಟೊದಲ್ಲಿ ಆಕ್ಸಲೇಟ್ ಪಾಲಕ್ ಸೊಪ್ಪಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಕಲ್ಲು ಬಾರದಂತೆ ತಡೆಯಲು ಟೊಮೇಟೊ ಬಿಡುವುದಕ್ಕಿಂತ ಸಾಕಷ್ಟು ನೀರು ಕುಡಿಯುವುದು, ಉಪ್ಪು ಕಡಿಮೆ ಮಾಡುವುದು ಹೆಚ್ಚು ಮುಖ್ಯ.

ನಿಜವಾದ ಅಪಾಯ ಇಲ್ಲಿದೆ

ಹಾಗಾದರೆ ಯಾರಿಗೂ ತೊಂದರೆಯಿಲ್ಲವೇ? ಇದೆ. ಮೂತ್ರಪಿಂಡದ ಕೆಲಸ ಕುಂದಿದವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಟೊಮೇಟೊದ ಪೊಟ್ಯಾಸಿಯಂ ಅಪಾಯ ತರಬಹುದು. 100 ಗ್ರಾಂ ಹಣ್ಣಿನಲ್ಲಿ ಸುಮಾರು 240 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಸೂಪು, ಗೊಜ್ಜು, ಪ್ಯೂರಿಯಂಥ ಗಟ್ಟಿ ಪದಾರ್ಥಗಳಲ್ಲಿ ಇನ್ನೂ ಹೆಚ್ಚು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತ ಏರುಪೇರಾಗಿ ನಿಂತೇ ಹೋಗಬಹುದು. ಮುನ್ಸೂಚನೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ರಕ್ತದೊತ್ತಡ, ಹೃದಯದ ಕಾಯಿಲೆಗೆ ಕೊಡುವ ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್ ಮುಂತಾದ ಔಷಧಗಳೂ ಪೊಟ್ಯಾಸಿಯಂ ಏರಿಸಬಲ್ಲವು. ಇಂಥವರು ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಬೇಕು. ಹೆಚ್ಚಿ ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ‘ಊರಿನದು, ಗೊಬ್ಬರ ಹಾಕಿಲ್ಲ’ ಎಂಬ ಕಾರಣಕ್ಕೆ ನಾಟಿ ಹಣ್ಣಿಗೆ ಇಲ್ಲಿ ವಿನಾಯಿತಿ ಇಲ್ಲ.

ಹುಳಿತೇಗು, ಎದೆಯುರಿ ಇರುವವರಿಗೆ ನಾಟಿಯ ಹುಳಿಯಿಂದ ಉರಿ ಹೆಚ್ಚಬಹುದು. ರಾತ್ರಿ ಮಲಗುವ ಮುನ್ನ ಹುಳಿಸಾರು ಬೇಡ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಟೊಮೇಟೊ ಬೇಯಿಸಬೇಡಿ. ಹುಳಿಗೆ ತಾಮ್ರದ ಅಂಶ ಬಿಟ್ಟುಕೊಂಡು ವಾಂತಿ, ಹೊಟ್ಟೆನೋವು ಬರುತ್ತದೆ.

ಬೀಜ ಉಳಿಸಿಕೊಳ್ಳಿ

ನಿಮ್ಮ ಊರಲ್ಲಿ ಹಳೆಯ ತಳಿ ಇನ್ನೂ ಇದ್ದರೆ ಬಿಡಬೇಡಿ. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ಲೋಳೆಯ ಸಮೇತ ಲೋಟದಲ್ಲಿ ಎರಡು ಮೂರು ದಿನ ಇಟ್ಟು, ತೊಳೆದು, ತಳದಲ್ಲಿ ನಿಂತ ಬೀಜಗಳನ್ನು ನೆರಳಲ್ಲಿ ಒಣಗಿಸಿ. ನಾಟಿ ತಳಿಯಾದರೆ ಸಾಮಾನ್ಯವಾಗಿ ಅದೇ ಗುಣದ ಗಿಡ ಬರುತ್ತದೆ. ಹೈಬ್ರಿಡ್ ಬೀಜದಲ್ಲಿ ಆ ಭರವಸೆಯಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವುದಿದ್ದರೆ ಆ ದೇಶದ ನಿಯಮ ಮೊದಲು ವಿಚಾರಿಸಿ. ಅನೇಕ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ.

ಆರೋಗ್ಯವಂತರು ದಿನಕ್ಕೆ ಒಂದೆರಡು ಟೊಮೇಟೊವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟೇ ತಿನ್ನಿ.