ಚಳಿಗೆ ಉಣ್ಣೆಯೋ, ಕೃತಕ ನೂಲೋ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮಗೆ ಚಳಿಯೆಂಬುದು ಅಪರೂಪದ ಅತಿಥಿ. ಊರಿನಿಂದ ತಂದ ಕಂಬಳಿ ವರ್ಷವೆಲ್ಲ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿರುತ್ತದೆ. ಡಿಸೆಂಬರಿನಲ್ಲಿ ಮಕ್ಕಳು ಕಳಸೂಬಾಯಿ ಹತ್ತೋಣವೆಂದು ಹಟ ಹಿಡಿದಾಗಲೇ ಅದರ ನೆನಪು.

ಕಳಸೂಬಾಯಿ ಮಹಾರಾಷ್ಟ್ರದ ಅತ್ಯುನ್ನತ ಶಿಖರ. ಎತ್ತರ 1,646 ಮೀಟರು. ಲೋಕಲ್ ಗಾಡಿಯಲ್ಲಿ ಕಸಾರಾಕ್ಕೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಬಾರಿ ಹಳ್ಳಿ ಸೇರಿದರೆ ಬೆಟ್ಟದ ಬುಡ. ಕಳೆದ ವರ್ಷ ಸೂರ್ಯೋದಯ ನೋಡಲೆಂದು ನಾವು ನಡುರಾತ್ರಿಯೇ ಹತ್ತತೊಡಗಿದೆವು. ಮಕ್ಕಳಿಗೆ ಹತ್ತಿಯ ಬನಿಯನ್, ಮೇಲೆ ದಪ್ಪ ಸ್ವೆಟರು. ಕಬ್ಬಿಣದ ಏಣಿಗಳನ್ನು ದಾಟುವಷ್ಟರಲ್ಲಿ ಎಲ್ಲರಿಗೂ ಬೆವರು. ತುದಿಯಲ್ಲಿ ಗಾಳಿ ಬೀಸಿತು ನೋಡಿ, ಕಿರಿಯವನ ಹಲ್ಲು ಕಟಕಟನೆ ಬಡಿಯತೊಡಗಿದವು, ಕರೆದರೆ ಮಾತಿಲ್ಲ. ಕೈಹಾಕಿ ನೋಡಿದರೆ ಬನಿಯನ್ ಒದ್ದೆಮುದ್ದೆ! ಅದನ್ನು ಕಳಚಿ, ಒಣ ಅಂಗಿ ತೊಡಿಸಿ, ಅಜ್ಜಿಯ ಒತ್ತಾಯಕ್ಕೆ ಹೊತ್ತು ತಂದಿದ್ದ ಕಂಬಳಿ ಸುತ್ತಿದ ಮೇಲೆಯೇ ಮಗು ಬಾಯಿ ಬಿಟ್ಟದ್ದು.

ಒದ್ದೆಯೇ ಚಳಿಗಿಂತ ದೊಡ್ಡ ವೈರಿಯೆಂದು ಅಂದು ತಿಳಿಯಿತು. ಹತ್ತಿ ಬೆವರನ್ನು ಹೀರಿ ಮೈಗಂಟಿ ಕೂರುತ್ತದೆ. ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಪಾಲಿಯೆಸ್ಟರ್ ಎಳೆ ನೀರು ಹೀರುವುದಿಲ್ಲವೆಂದೇ ಹೇಳಬಹುದು. ಹಗುರ, ಅಗ್ಗ, ಬೇಗ ಆರುತ್ತದೆ. ಆದರೆ ಬೆವರಿನ ವಾಸನೆ ಬಿಡದು. ಬೆಂಕಿಯ ಕಿಡಿ ತಾಗಿದರೆ ಕರಗಿ ಮೈಗಂಟುತ್ತದೆ. ಉಣ್ಣೆಯಾದರೋ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿದರೂ ಒದ್ದೆಯೆನಿಸದು, ಸುಲಭವಾಗಿ ಹೊತ್ತಿಕೊಳ್ಳದು. ಆದರೆ ತೂಕ ಹೆಚ್ಚು, ಆರುವುದು ನಿಧಾನ. ಮೈಗೆ ಚುಚ್ಚದ ಮೆರಿನೋ ಉಣ್ಣೆಗೆ ಬೆಲೆಯೂ ಹೆಚ್ಚು.

ಹಾಗಾದರೆ ಯಾವುದು ಲೇಸು? ಎರಡೂ ಬೇಕು, ಹೊತ್ತರಿತು ತೊಡಬೇಕು. ಹತ್ತುವಾಗ ತೆಳ್ಳನೆಯ ಪಾಲಿಯೆಸ್ಟರ್ ಬನಿಯನ್ ಒಂದೇ ಸಾಕು. ಸ್ವೆಟರು ಚೀಲದಲ್ಲಿರಲಿ, ತುದಿ ಮುಟ್ಟಿ, ಮೈ ತಣ್ಣಗಾಗುವ ಮೊದಲೇ ತೊಡಿ. ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೀಟು. ಬೆಂಕಿ ಕಾಯಿಸಲು ಕೂತಾಗ ಉಣ್ಣೆಯೇ ಕ್ಷೇಮ. ಮಕ್ಕಳಿಗೆ ಇನ್ನೊಂದು ಒಣ ಬನಿಯನ್ ಮರೆಯಬೇಡಿ.

ಪೇಟೆಯಲ್ಲಿ ಉಣ್ಣೆಯದೆಂದು ಮಾರುವ ಎಷ್ಟೋ ಸ್ವೆಟರುಗಳು ಅಕ್ರಿಲಿಕ್ ಎಂಬ ಕೃತಕ ನೂಲಿನವು. ಚೀಟಿ ಓದಿ ಕೊಳ್ಳಿ. ಮನೆಯಲ್ಲಿರುವುದರ ಬಗ್ಗೆ ಸಂಶಯವಿದ್ದರೆ ಒಂದೆಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಕೃತಕ.

ಚಳ್ಳಕೆರೆಯ ಕರಿಕಂಬಳಿ ಮನೆಯಲ್ಲಿದ್ದವರು ಅದನ್ನು ಹಳತೆಂದು ಕೊಡಬೇಡಿರಿ. ಈ ಡಿಸೆಂಬರಿನಲ್ಲಿ ನಮ್ಮದು ಮತ್ತೆ ಬೆಟ್ಟ ಹತ್ತಲಿದೆ. ಹೊರುವವನು ಕಿರಿಯವನೇ ಅಂತೆ!