ಎಲ್ಲ ಕಂಪ್ಯೂಟರಿನಲ್ಲೂ ಓಡುವ ಭಾಷೆ ಇದೆಯೇ?

“ಸಿ ಪೋರ್ಟೆಬಲ್, ಅಸೆಂಬ್ಲಿ ಪೋರ್ಟೆಬಲ್ ಅಲ್ಲ.” ಎಂಜಿನಿಯರಿಂಗ್ ಓದಿದವರಲ್ಲಿ ಈ ಎರಡು ಅಂಕದ ಉತ್ತರ ಬರೆಯದವರು ಕಡಿಮೆ. ಅಂಕ ಬರುತ್ತದೆ ನಿಜ. ಆದರೆ ಬೇರೆ ಬೇರೆ ಯಂತ್ರಗಳಲ್ಲಿ ಓಡುವುದು ಸಿ ಭಾಷೆಯ ಹುಟ್ಟುಗುಣ ಎಂದುಕೊಂಡರೆ ಅಲ್ಲಿಗೆ ದಾರಿ ತಪ್ಪಿತು.

ಸಿ ಬೆಳೆದದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಪಿಡಿಪಿ-11 ಎಂಬ 16 ಬಿಟ್ ಯಂತ್ರದ ಮೇಲೆ. 1973ರಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನೇ ಸಿಯಲ್ಲಿ ಮತ್ತೆ ಬರೆದರು. ಬೇರೆ ಯಂತ್ರಕ್ಕೆ ಒಯ್ಯುವುದು ಆಗಿನ ಮುಖ್ಯ ಗುರಿಯಾಗಿರಲಿಲ್ಲ. ಪಿಡಿಪಿ-11ರಲ್ಲಿ ಪೂರ್ಣಾಂಕಕ್ಕೂ 16 ಬಿಟ್, ಮೆಮೊರಿಯ ವಿಳಾಸ ಹಿಡಿಯುವ ಪಾಯಿಂಟರಿಗೂ 16 ಬಿಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಸಲೀಸಾಗಿ ಬಳಸುತ್ತಿದ್ದರು, ಕಂಪೈಲರ್ ತಕರಾರು ತೆಗೆಯುತ್ತಿರಲಿಲ್ಲ. 1977ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಮತ್ತು ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಯೂನಿಕ್ಸ್ ಅನ್ನು 32 ಬಿಟ್‌ನ ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ಯಲು ಕೂತಾಗ ಈ ಸಲಿಗೆಯ ಅಪಾಯ ಎದ್ದು ಕಂಡಿತು. ಜಾನ್ಸನ್ ಹೊಸ ಯಂತ್ರಗಳಿಗೆ ಒಗ್ಗಿಸಲು ಸುಲಭವಾದ ಕಂಪೈಲರ್ ಬರೆದರು. ಸಂಶಯದ ಸಾಲುಗಳನ್ನು ಹೆಕ್ಕಿ ತೋರಿಸುವ ಲಿಂಟ್ ಎಂಬ ಪ್ರೋಗ್ರಾಮನ್ನೂ ಬರೆದರು. ಭಾಷೆಯ ಟೈಪ್ ನಿಯಮಗಳೂ ಬಿಗಿಯಾದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಯೂನಿಕ್ಸನ್ನು ಇಂಟರ್‌ಡೇಟಾ 7/32ರ ಮೇಲೆ ಓಡಿಸುತ್ತಿದ್ದರು. ಅಂದರೆ ಸಿ ಪೋರ್ಟೆಬಲ್ ಆಗಿದ್ದರಿಂದ ಯೂನಿಕ್ಸ್ ಊರೂರು ತಿರುಗಿತು ಎನ್ನುವುದು ಅರ್ಧ ಕಥೆ. ಯೂನಿಕ್ಸನ್ನು ಹೊತ್ತು ತಿರುಗಿದ್ದರಿಂದ ಸಿ ಪೋರ್ಟೆಬಲ್ ಆಯಿತು.

“ಸರಿ, 1989ರಲ್ಲಿ ಸಿಗೆ ಸ್ಟ್ಯಾಂಡರ್ಡ್ ಬಂತಲ್ಲ, ಇನ್ನೇನು ತೊಂದರೆ?” ಎನ್ನುವವರಿದ್ದಾರೆ. ಆ ಸ್ಟ್ಯಾಂಡರ್ಡ್ ಹಲವು ವಿಷಯಗಳನ್ನು ಬೇಕೆಂದೇ ಬಿಟ್ಟುಕೊಟ್ಟಿದೆ, ಪ್ರತಿ ಪ್ರೊಸೆಸರೂ ತನಗೆ ಸಲೀಸಾದ ರೀತಿಯಲ್ಲಿ ವೇಗವಾಗಿ ಓಡಲಿ ಎಂದು. 64 ಬಿಟ್ ಲಿನಕ್ಸ್‌ನಲ್ಲಿ ‘ಲಾಂಗ್’ ಎಂದರೆ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ‘ಕ್ಯಾರ್’ ಎಂಬ ಒಂದು ಬೈಟ್ ಇನ್ನೂ ಮೋಸಗಾರ. ಇಂಟೆಲ್ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಅದು ಋಣ ಸಂಖ್ಯೆಯನ್ನೂ ಹಿಡಿಯುತ್ತದೆ. ಆರ್ಮ್ ಪ್ರೊಸೆಸರಿನ ರಾಸ್ಪ್‌ಬೆರಿ ಪೈ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ಫೈಲು ಮುಗಿದಾಗ ಸಿ ಕೊಡುವ ಗುರುತು ಸಾಮಾನ್ಯವಾಗಿ -1. ಓದಿದ್ದನ್ನು ಕ್ಯಾರ್‌ನಲ್ಲಿ ಇಟ್ಟುಕೊಂಡು -1 ಬಂದಾಗ ನಿಲ್ಲು ಎಂದು ಬರೆದ ಲೂಪ್ ಲ್ಯಾಪ್‌ಟಾಪಿನಲ್ಲಿ ನಿಲ್ಲುತ್ತದೆ. ಪೈ ಮೇಲೆ ಆ -1 ಹೋಗಿ 255 ಆಗಿರುತ್ತದೆ, ಲೂಪ್ ಓಡುತ್ತಲೇ ಇರುತ್ತದೆ. ಎರಡೂ ಕಡೆ ಕಂಪೈಲ್ ಮಾತ್ರ ಚೆನ್ನಾಗಿಯೇ ಆಗಿರುತ್ತದೆ.

ಇದನ್ನೆಲ್ಲ ಕಂಡವರಿಗೆ ಜಾವಾ ಮೇಲೆ ಭಕ್ತಿ ಹುಟ್ಟುವುದು ಸಹಜ. 1995ರಲ್ಲಿ ಬಂದ ಜಾವಾ ‘ಇಂಟ್’ ಎಲ್ಲೆಡೆಯೂ 32 ಬಿಟ್ ಎಂದು ಕಟ್ಟುಮಾಡಿತು. ಆದರೆ ಜಾವಾಕ್ಕೆ ಯಂತ್ರದ ಹಂಗೇ ಇಲ್ಲ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಜಾವಾ ಪ್ರೋಗ್ರಾಂ ಓಡುವುದು ವರ್ಚುವಲ್ ಮಷೀನ್ ಎಂಬ ಇನ್ನೊಂದು ಪ್ರೋಗ್ರಾಮಿನ ಮೇಲೆ. ಹೆಚ್ಚು ಬಳಕೆಯಲ್ಲಿರುವ ಹಾಟ್‌ಸ್ಪಾಟ್ ಬಹುಪಾಲು ಸಿ++ನಲ್ಲಿದೆ, ಪ್ರತಿ ಹೊಸ ಪ್ರೊಸೆಸರಿಗೂ ಯಾರಾದರೂ ಕೂತು ಅದನ್ನು ಒಗ್ಗಿಸಲೇಬೇಕು. ಕಷ್ಟ ಮಾಯವಾಗಿಲ್ಲ, ನಮ್ಮ ಮೇಜಿನಿಂದ ಅವರ ಮೇಜಿಗೆ ಹೋಗಿದೆ. ಅಂದಹಾಗೆ ಒಮ್ಮೆ ಬರೆದದ್ದು ಎಲ್ಲ ಯಂತ್ರದಲ್ಲೂ ಓಡಲಿ ಎಂಬ ಆಸೆ ಜಾವಾದ ಸ್ವಂತದ್ದೂ ಅಲ್ಲ: 1960ರ ಡಿಸೆಂಬರಿನಲ್ಲೇ ಕೋಬಾಲ್ ಭಾಷೆಯ ಒಂದೇ ಪ್ರೋಗ್ರಾಂ ಆರ್‌ಸಿಎ ಮತ್ತು ಯೂನಿವ್ಯಾಕ್ ಯಂತ್ರಗಳೆರಡರಲ್ಲೂ ಓಡಿತ್ತು, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ.

ಜಾವಾದ ಕಟ್ಟುಪಾಡಿನಲ್ಲೂ ಒಂದು ಕಿಂಡಿ ಉಳಿದಿತ್ತು. ಅದರ ಪೆಟ್ಟು ಕನ್ನಡಕ್ಕೂ ಬಿತ್ತು. ಫೈಲಿನ ಅಕ್ಷರಸಂಕೇತ ಯಾವುದೆಂದು ಹೇಳದಿದ್ದರೆ ಜಾವಾ ಆಯಾ ಕಂಪ್ಯೂಟರಿನ ರೂಢಿಯನ್ನೇ ಹಿಡಿಯುತ್ತಿತ್ತು. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8, ಇಂಗ್ಲಿಷ್ ವಿಂಡೋಸ್‌ನಲ್ಲಿ 1252 ಎಂಬ ಪಾಶ್ಚಾತ್ಯ ಅಕ್ಷರಗಳ ಪಟ್ಟಿ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಲಿನಕ್ಸ್‌ನಲ್ಲಿ ಹೆಸರುಗಳನ್ನು ಸರಿಯಾಗಿ ಬರೆಯುತ್ತಿದ್ದ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬರೆದಿಡುತ್ತಿತ್ತು, ಒಂದು ಅಕ್ಷರವೂ ಬದಲಾಗದ ಅದೇ ಕೋಡಿನಿಂದ. 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಎಲ್ಲೆಡೆಯೂ ಯುಟಿಎಫ್-8 ಎಂದಾಗಿದೆ. ಅದಕ್ಕಿಂತ ಹಳೆಯದರಲ್ಲಿ ಕೆಲಸ ನಡೆಸುವವರು ಫೈಲು ತೆರೆಯುವಾಗಲೆಲ್ಲ ಸಂಕೇತದ ಹೆಸರನ್ನು ತಾವೇ ಬರೆದುಕೊಳ್ಳಬೇಕು.